ಕಣ್ಣಿನ ಗುರುತು ಒತ್ತಿದರೆ ಮಹಡಿ ಮಾಯವಾಗಬೇಕು

ಮನೆ ಕಟ್ಟಿಸುವ ಗಂಡ-ಹೆಂಡತಿ ಎದುರಿಗೆ ಕೂತಿದ್ದರು. ಜೊತೆಗೆ ಅಜ್ಜಿಯೂ ಬಂದಿದ್ದರು. ‘ಮೇಲಿನ ಮಹಡಿ ತೆಗೆದು ಕೆಳಗಿನ ಅಡುಗೆಮನೆ ತೋರಿಸ್ತೀರಾ’ ಎಂದು ಕೇಳಿದರು. ಅದಕ್ಕೇನಂತೆ ಎಂದು ನಾನು ಠೀವಿಯಿಂದ ಲೇಯರ್ ಪಟ್ಟಿಯಲ್ಲಿ ‘ಫಸ್ಟ್ ಫ್ಲೋರ್’ ಪಕ್ಕದ ಕಣ್ಣಿನ ಗುರುತು ಒತ್ತಿದೆ. ಗೋಡೆಗಳು ಹೋದವು, ಸ್ಲ್ಯಾಬ್ ಹಾಗೇ ಉಳಿಯಿತು. ಮಂಚವೊಂದು ಬಯಲಲ್ಲಿ ನಿಂತಿತ್ತು. ಬಾಲ್ಕನಿಯ ಕಂಬಿಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ‘ಅದೇನಪ್ಪಾ, ಬಟ್ಟೆ ಒಣಹಾಕೋ ತಂತಿಯಾ?’ ಎಂದರು ಅಜ್ಜಿ.

ತಪ್ಪು ಪೂರ್ತಿ ನನ್ನದೇ. ಮಾಡೆಲ್ ಕಟ್ಟಲು ಎರಡು ವಾರ ತೆಗೆದುಕೊಂಡಿದ್ದೆ, ಲೇಯರ್ ಜೋಡಿಸಲು ಎರಡು ತಾಸೂ ಕೊಟ್ಟಿರಲಿಲ್ಲ. ರೆಂಡರಿಂಗ್ ಕಲಿಯುವ ಹುಡುಗರು ಬಿಸಿಲು, ಹುಲ್ಲು, ನೀರಿನ ಪ್ರತಿಬಿಂಬ ಅಂತ ಮೊದಲ ದಿನವೇ ಹೊರಡುತ್ತಾರೆ. ಮಾಡೆಲನ್ನು ಅಚ್ಚುಕಟ್ಟಾಗಿ ಒಳಗೆ ತರುವುದು ಬೇಸರದ ಕೆಲಸ, ಯೂಟ್ಯೂಬಿನಲ್ಲಿ ಅದಕ್ಕೆ ನೋಡುಗರೂ ಕಡಿಮೆ. ಆದರೆ ಗಿರಾಕಿಯ ಮುಂದೆ ಮಾನ ಉಳಿಸುವುದು ಅದೇ.

ಉದಾಹರಣೆಗೆ ನಮ್ಮ ಊರುಗಳಲ್ಲಿ ದಿನಬೆಳಗಾದರೆ ಎದ್ದೇಳುವ ಮನೆಯನ್ನೇ ಇಟ್ಟುಕೊಳ್ಳೋಣ. ಮೂವತ್ತು–ನಲವತ್ತರ ಸೈಟು. ನೆಲಮಹಡಿಯಲ್ಲಿ ಕಾರು ನಿಲ್ಲಿಸಲು ಜಾಗ, ಹಾಲು, ಅಡುಗೆಮನೆ, ದೇವರಕೋಣೆ. ಮೇಲೆ ಮಲಗುವ ಕೋಣೆಗಳು, ತಾರಸಿಯಲ್ಲಿ ಟ್ಯಾಂಕು, ಸೋಲಾರ್, ಮುಂದೆ ಮಂಗಳೂರು ಹೆಂಚಿನ ಸಣ್ಣ ಇಳಿಜಾರು ಮಾಡು. ನಕ್ಷೆ ಆಟೋಕ್ಯಾಡ್‌ನಲ್ಲಿ, ಮಾಡೆಲ್ ಸ್ಕೆಚಪ್‌ನಲ್ಲಿ, ರೆಂಡರ್ ಲೂಮಿಯನ್ ಅಥವಾ ಟ್ವಿನ್‌ಮೋಷನ್‌ನಲ್ಲಿ. ಟ್ವಿನ್‌ಮೋಷನ್ ಅನ್ನು 2019ರಲ್ಲಿ ಎಪಿಕ್ ಗೇಮ್ಸ್ ಕೊಂಡುಕೊಂಡಿತು. 2024ರಿಂದ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ವರಮಾನದವರಿಗೆ ಅದು ಉಚಿತ. ನಮ್ಮ ಸಣ್ಣ ಕಚೇರಿಗಳೆಲ್ಲ ಆ ಲೆಕ್ಕದೊಳಗೇ ಬರುತ್ತವೆ ಅನ್ನಿ. ಬ್ಲೆಂಡರ್ ಅಂತೂ ಎಲ್ಲರಿಗೂ ಉಚಿತ.

ಲೇಯರ್ ಬೇರೆ, ಮೆಟೀರಿಯಲ್ ಬೇರೆ, ಫೈಲು ಬೇರೆ

ಗೊಂದಲವೆಲ್ಲ ಹುಟ್ಟುವುದು ಈ ಮೂರನ್ನು ಕಲಸುವುದರಿಂದ. ಒಂದು ವಸ್ತು ಕಾಣಬೇಕೋ ಬೇಡವೋ ಎಂಬುದನ್ನು ಹೇಳುವುದು ಲೇಯರ್. ಅದು ಇಟ್ಟಿಗೆಯಂತೆ ಕಾಣಬೇಕೋ ಗಾಜಿನಂತೆ ಕಾಣಬೇಕೋ ಎಂಬುದನ್ನು ಹೇಳುವುದು ಮೆಟೀರಿಯಲ್. ನಾಳೆ ನಕ್ಷೆ ಬದಲಾದಾಗ ಯಾವ ಭಾಗ ಒಟ್ಟಿಗೆ ಬದಲಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಫೈಲು. ಆಟೋಕ್ಯಾಡ್‌ನಲ್ಲಿ ಗೆರೆಯ ಬಣ್ಣ, ದಪ್ಪ, ಪ್ರಿಂಟು ಎಲ್ಲವೂ ಲೇಯರ್‌ನ ಮೇಲೇ ನಿಂತಿರುತ್ತವೆ. ಅಲ್ಲಿ ಪಳಗಿದ ಕೈ ರೆಂಡರಿಂಗ್‌ಗೆ ಬಂದಾಗಲೂ ಲೇಯರ್‌ಗೆ ಅದೇ ಕೆಲಸ ಹಚ್ಚಲು ನೋಡುತ್ತದೆ. ಇಲ್ಲಿ ಅದು ನಡೆಯುವುದಿಲ್ಲ.

ಲೂಮಿಯನ್‌ಗೆ ನೀವು ಸ್ಕೆಚಪ್ ಫೈಲು ಎಳೆದುಕೊಂಡರೆ ಇಡೀ ಮನೆ ಒಂದೇ ವಸ್ತುವಾಗಿ ಬಂದು ಕೂರುತ್ತದೆ. ಸ್ಕೆಚಪ್‌ನಲ್ಲಿ ನೀವು ಮಾಡಿದ್ದ ವಿಂಗಡಣೆ ಅಲ್ಲಿನ ಲೇಯರ್ ಪಟ್ಟಿಗೆ ತಾನಾಗಿ ಇಳಿಯುವುದಿಲ್ಲ. ಆ ಹೊತ್ತಿಗೆ ಯಾವ ಲೇಯರ್ ಚಾಲ್ತಿಯಲ್ಲಿದೆಯೋ ಅದರೊಳಗೆ ಮನೆಗೆ ಮನೆಯೇ ಹೋಗಿ ಬೀಳುತ್ತದೆ. ಹಾಗಾಗಿ ನಾನು ಕಲಿತ ಪಾಠ ಇಷ್ಟೇ: ಬೇರೆಬೇರೆಯಾಗಿ ಅಡಗಿಸಬೇಕಾದದ್ದು ಬೇರೆಬೇರೆ ಫೈಲಾಗಿಯೇ ಬರಬೇಕು. ವಿಂಗಡಣೆಯ ಮುಕ್ಕಾಲು ಪಾಲು ಇಂಪೋರ್ಟ್‌ಗೆ ಮುಂಚೆಯೇ ಮುಗಿದಿರಬೇಕು.

ಮೊದಲು ಕಾಗದ, ಆಮೇಲೆ ಮೌಸು

ಕಂಪ್ಯೂಟರ್ ಮುಟ್ಟುವ ಮುಂಚೆ ಒಂದು ಹಾಳೆ ತೆಗೆದುಕೊಂಡು, ಗಿರಾಕಿ ಏನೇನು ‘ತೆಗೆದು ತೋರಿಸಿ’ ಎನ್ನಬಹುದು, ಏನೇನು ‘ಬದಲಿಸಿ ತೋರಿಸಿ’ ಎನ್ನಬಹುದು ಎಂದು ಬರೆಯಿರಿ. ಮೇಲಿನ ಮಹಡಿ ತೆಗೆದು ಒಳಗಿನ ಕೋಣೆ ತೋರಿಸಿ. ಕಾಂಪೌಂಡ್ ಇಲ್ಲದೆ ಮುಂಭಾಗ ತೋರಿಸಿ. ಪೀಠೋಪಕರಣ ಇಲ್ಲದ ಖಾಲಿ ಹಾಲು ತೋರಿಸಿ. ಮುಂದೆ ಹೆಂಚಿನ ಮಾಡಿನ ಬದಲು ಚಪ್ಪಟೆ ಸಜ್ಜ ಹಾಕಿದರೆ ಹೇಗಿರುತ್ತದೆ. ವಾಸ್ತು ನೋಡುವವರು ಬಂದುಹೋದ ಮೇಲೆ ಅಡುಗೆಯ ಕಟ್ಟೆ ಆಗ್ನೇಯಕ್ಕೆ ತಿರುಗುವ ಸಂಭವವನ್ನೂ ಬರೆದುಕೊಳ್ಳಿ, ಅದು ಹೆಚ್ಚುಕಡಿಮೆ ಖಾತ್ರಿ.

ಆ ಹಾಳೆಯ ಒಂದೊಂದು ಸಾಲೂ ಒಂದೊಂದು ಲೇಯರ್. ಹಾಳೆಯಲ್ಲಿ ಇಲ್ಲದ್ದಕ್ಕೆ ಲೇಯರ್ ಬೇಕಿಲ್ಲ. ಕಿಟಕಿಯ ಚೌಕಟ್ಟಿಗೊಂದು, ಚಿಲಕಕ್ಕೊಂದು, ಸ್ಕರ್ಟಿಂಗ್‌ಗೊಂದು ಅಂತ ಎಂಬತ್ತು ಲೇಯರ್ ಮಾಡಿದವರನ್ನು ನೋಡಿದ್ದೇನೆ. ಎಂಬತ್ತು ಇರುವುದೂ ಒಂದೇ, ಒಂದೂ ಇಲ್ಲದಿರುವುದೂ ಒಂದೇ. ಬೇಕಾದಾಗ ಬೇಕಾದದ್ದು ಎರಡರಲ್ಲೂ ಸಿಗುವುದಿಲ್ಲ.

ನಮ್ಮ ಮನೆಗೆ ನಾನು ಮಾಡುವುದು ಎಂಟು: ಸೈಟು ಮತ್ತು ಕಾಂಪೌಂಡು, ನೆಲಮಹಡಿಯ ಕಟ್ಟಡ, ಮೊದಲ ಮಹಡಿಯ ಕಟ್ಟಡ, ತಾರಸಿ, ಕೆಳಗಿನ ಪೀಠೋಪಕರಣ, ಮೇಲಿನ ಪೀಠೋಪಕರಣ, ಮುಂಭಾಗದ ಮಾಡು, ಅಕ್ಕಪಕ್ಕದ ಕಟ್ಟಡಗಳು. ಮುಂಭಾಗಕ್ಕೆ ಎರಡು ಆಯ್ಕೆ ಕೊಡುವುದಿದ್ದರೆ ಒಂಬತ್ತು. ಗಿಡಮರ, ಕಾರು, ಜನ ಇವೆಲ್ಲ ರೆಂಡರಿಂಗ್ ತಂತ್ರಾಂಶದ ಲೈಬ್ರರಿಯಿಂದಲೇ ಬರಲಿ, ಅವಕ್ಕೆ ಅಲ್ಲೇ ಒಂದೆರಡು ಲೇಯರ್ ಕೊಡಿ.

ಇಲ್ಲಿ ಎಲ್ಲರೂ ಎಡವುವ ಒಂದು ಪ್ರಶ್ನೆಯಿದೆ. ಮೊದಲ ಮಹಡಿಯ ನೆಲದ ಸ್ಲ್ಯಾಬ್ ಯಾರದ್ದು? ಕಟ್ಟುವ ಮೇಸ್ತ್ರಿಯನ್ನು ಕೇಳಿದರೆ ಅದು ಕೆಳಗಿನ ಮನೆಯ ಆರ್‌ಸಿಸಿ. ರೆಂಡರ್ ಮಾಡುವವನಿಗೆ ಮಾತ್ರ ಅದು ಮೇಲಿನ ಮಹಡಿಯದ್ದು. ಮೇಲಿನದನ್ನು ಅಡಗಿಸಿದಾಗ ಕೆಳಗಿನ ಕೋಣೆಗಳು ತೆರೆದುಕೊಳ್ಳಬೇಕಾದರೆ ಸ್ಲ್ಯಾಬೂ, ಅದರ ಕೆಳಗಿನ ಫಾಲ್ಸ್ ಸೀಲಿಂಗೂ, ಸೀಲಿಂಗ್‌ನ ದೀಪಗಳೂ ಮೇಲಿನ ಮಹಡಿಯ ಜೊತೆಗೇ ಹೋಗಬೇಕು. ಮೆಟ್ಟಿಲು ಕೆಳಗಿನದಕ್ಕೆ. ಬಾಲ್ಕನಿಯ ಕಂಬಿ ಮೇಲಿನದಕ್ಕೆ. ಅಜ್ಜಿಯ ಬಟ್ಟೆ ತಂತಿ ಹುಟ್ಟಿದ್ದು ಇದನ್ನು ಮೊದಲೇ ತೀರ್ಮಾನ ಮಾಡದೆ ಬಿಟ್ಟಿದ್ದರಿಂದ.

ಆಟೋಕ್ಯಾಡ್ ಕಸ ಅಲ್ಲೇ ಇರಲಿ

ನಕ್ಷೆಯ ಒಂದು ಪ್ರತಿ ಮಾಡಿ, ಮೂಲವನ್ನು ಪಕ್ಕಕ್ಕಿಡಿ. ಪ್ರತಿಯಲ್ಲಿ ಅಳತೆ ಗೆರೆಗಳು, ಬರಹ, ಹ್ಯಾಚ್, ಪೀಠೋಪಕರಣದ ಬ್ಲಾಕ್‌ಗಳು ಎಲ್ಲವನ್ನೂ ಅಳಿಸಿ. ಫ್ರೀಜ್ ಮಾಡಿ ಸುಮ್ಮನಾಗಬೇಡಿ. ಅಡಗಿಸಿದ್ದು ಮುಂದಿನ ತಂತ್ರಾಂಶಕ್ಕೆ ಬರುತ್ತದೋ ಇಲ್ಲವೋ ಎಂಬುದು ಒಂದೊಂದು ಕಡೆ ಒಂದೊಂದು ಥರ, ಅಳಿಸಿದ್ದು ಮಾತ್ರ ಎಲ್ಲೂ ಬರುವುದಿಲ್ಲ. ಆಮೇಲೆ ‘ಓವರ್‌ಕಿಲ್’ ಆಜ್ಞೆ ಕೊಡಿ, ಒಂದರ ಮೇಲೊಂದು ಬಿದ್ದಿರುವ ಜೋಡಿ ಗೆರೆಗಳು ಹೋಗುತ್ತವೆ. ‘ಲೇಮರ್ಜ್’ ಕೊಟ್ಟು ಐದಾರು ಗೋಡೆ ಲೇಯರ್‌ಗಳನ್ನು ಒಂದಾಗಿಸಿ. ಕೊನೆಗೆ ‘ಪರ್ಜ್’ ಮಾಡಿ, ಬಳಕೆಯಲ್ಲಿಲ್ಲದ ಬ್ಲಾಕು, ಲೇಯರ್‌ಗಳು ತೊಲಗುತ್ತವೆ. ಬ್ಲಾಕಿನೊಳಗೆ ‘0’ ಲೇಯರ್‌ನಲ್ಲಿ ಬರೆದ ಗೆರೆಗಳು ಆ ಬ್ಲಾಕನ್ನು ಯಾವ ಲೇಯರ್‌ನಲ್ಲಿ ಕೂರಿಸಿದ್ದೀರೋ ಅದರ ಗುಣ ಪಡೆಯುತ್ತವೆ ಎಂಬುದೂ ನೆನಪಿರಲಿ. ‘ಈ ಬಾಗಿಲು ಗೋಡೆಯ ಜೊತೆ ಯಾಕೆ ಹೋಯಿತು’ ಎಂಬ ಪ್ರಶ್ನೆಗೆ ಎಷ್ಟೋ ಸಲ ಅದೇ ಉತ್ತರ.

ರೆವಿಟ್‌ನಲ್ಲಿ ಕೆಲಸ ಮಾಡುವವರಿಗೆ ಈ ಭಾಗ ಬೇಕಿಲ್ಲ. ಅಲ್ಲಿ ಲೇಯರ್ ಎಂಬುದೇ ಇಲ್ಲ. ಗೋಡೆ, ಬಾಗಿಲು, ನೆಲ ಅಂತ ವರ್ಗಗಳಿವೆ. ರೆಂಡರಿಂಗ್‌ಗೆಂದೇ ಪ್ರತ್ಯೇಕ 3ಡಿ ನೋಟಗಳನ್ನು ಮಾಡಿ, ಒಂದೊಂದರಲ್ಲಿ ಬೇಕಾದ ಮಹಡಿಯಷ್ಟನ್ನೇ ಉಳಿಸಿಕೊಂಡು ಕಳಿಸಿದರೆ ಆಯಿತು.

ಸ್ಕೆಚಪ್‌ಗೆ ತರುವಾಗ ಅಳತೆಯ ಮಾನ ಸರಿಯಿದೆಯೇ ನೋಡಿ. ಇಂಪೋರ್ಟ್ ಕಿಟಕಿಯ ಆಯ್ಕೆಗಳಲ್ಲಿ ಮಿಲಿಮೀಟರ್ ಅಂತಲೋ ಅಡಿ ಅಂತಲೋ ಕೇಳುತ್ತದೆ. ಬಂದ ಕೂಡಲೇ ಟೇಪ್ ಹಿಡಿದು ಸೈಟಿನ ಅಗಲ ಅಳೆಯಿರಿ. ಮೂವತ್ತು ಅಡಿ ಎಂದರೆ 9.144 ಮೀಟರ್, ನಲವತ್ತು ಅಡಿ ಎಂದರೆ 12.192 ಮೀಟರ್ ಇರಲೇಬೇಕು. ಇದಕ್ಕೆ ಹತ್ತು ಸೆಕೆಂಡು ಸಾಕು. ಹಾಗಿದ್ದೂ ಬೆಂಕಿಪೊಟ್ಟಣದಷ್ಟು ಮನೆ ಕಟ್ಟಿದ ಮೇಲೆ ಎಚ್ಚರವಾದವರು ಕಡಿಮೆಯೇನಿಲ್ಲ.

ಗೆರೆಗೆ ಟ್ಯಾಗ್ ಬೇಡ, ಗ್ರೂಪಿಗೆ ಮಾತ್ರ

ಸ್ಕೆಚಪ್ 2020ರ ಆವೃತ್ತಿಯಿಂದ ಲೇಯರ್‌ಗಳನ್ನು ಟ್ಯಾಗ್ ಎಂದು ಕರೆಯುತ್ತಿದೆ. ಬರೀ ಹೆಸರಿನ ಶೋಕಿ ಇರಬೇಕು ಎಂದು ನಾನೂ ಮೊದಲು ಗೊಣಗಿದ್ದೆ. ಆದರೆ ಹೆಸರು ಸರಿಯಾಗಿಯೇ ಇದೆ. ಆಟೋಕ್ಯಾಡ್‌ನ ಲೇಯರ್ ಒಂದು ಪಾರದರ್ಶಕ ಹಾಳೆಯ ಹಾಗೆ, ಗೆರೆ ಅದರ ಮೇಲೆ ಕೂರುತ್ತದೆ. ಸ್ಕೆಚಪ್‌ನದು ಹಾಳೆಯಲ್ಲ, ಚೀಟಿ. ವಸ್ತುವಿಗೆ ಅಂಟಿಸಿದರೆ ಅದನ್ನು ತೋರಿಸಬಹುದು, ಅಡಗಿಸಬಹುದು, ಅಷ್ಟೇ. ಎರಡು ಗೋಡೆಗಳ ಗೆರೆಗಳು ಬೇರೆಬೇರೆ ಟ್ಯಾಗ್‌ನಲ್ಲಿದ್ದರೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವುಗಳನ್ನು ಬೇರೆ ಮಾಡುವುದು ಗ್ರೂಪ್ ಅಥವಾ ಕಾಂಪೊನೆಂಟ್ ಮಾತ್ರ.

ಇದರಿಂದ ಒಂದು ಕಟ್ಟುನಿಟ್ಟಿನ ನಿಯಮ ಹುಟ್ಟುತ್ತದೆ. ಬಿಡಿ ಗೆರೆ, ಬಿಡಿ ಮೇಲ್ಮೈ ಯಾವಾಗಲೂ ‘ಅನ್‌ಟ್ಯಾಗ್ಡ್’ನಲ್ಲೇ ಇರಬೇಕು. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ‘ಲೇಯರ್ 0’. ಟ್ಯಾಗ್ ಪಟ್ಟಿಯಲ್ಲಿ ಚಾಲ್ತಿ ಟ್ಯಾಗ್ ತೋರಿಸುವ ಪೆನ್ಸಿಲ್ ಗುರುತು ಸದಾ ಅದರ ಮೇಲೇ ಇರಲಿ, ಬೇರೆ ಟ್ಯಾಗ್‌ಗೆ ಸರಿಸಲೇಬೇಡಿ. ಚಿತ್ರ ಬರೆದಾದ ಮೇಲೆ ಗ್ರೂಪ್ ಮಾಡಿ, ಆ ಗ್ರೂಪಿಗೆ ಮಾತ್ರ ‘ಎಂಟಿಟಿ ಇನ್ಫೋ’ದಲ್ಲಿ ಟ್ಯಾಗ್ ಕೊಡಿ. ಗ್ರೂಪಿನ ಒಳಗಿನ ಗೆರೆಗೆ ಒಂದು ಟ್ಯಾಗ್, ಹೊರಗಿನ ಗ್ರೂಪಿಗೆ ಇನ್ನೊಂದು ಟ್ಯಾಗ್ ಆದರೆ ಅರ್ಧ ಮಾಯ, ಅರ್ಧ ಪ್ರತ್ಯಕ್ಷದ ಭೂತಚೇಷ್ಟೆ ಶುರುವಾಗುತ್ತದೆ.

ಈಗಾಗಲೇ ಕೆಟ್ಟುಹೋಗಿದ್ದರೆ? ಟ್ಯಾಗ್ ಪಟ್ಟಿಯಲ್ಲಿ ಬೇಡದ್ದನ್ನು ಅಳಿಸಿ. ಅದರೊಳಗಿನ ವಸ್ತುಗಳನ್ನು ಏನು ಮಾಡಲಿ ಎಂದು ಸ್ಕೆಚಪ್ ಕೇಳುತ್ತದೆ. ಅವಸರದಲ್ಲಿ ವಸ್ತುಗಳನ್ನೂ ಅಳಿಸು ಎಂದುಬಿಟ್ಟೀರಿ! ‘ಅನ್‌ಟ್ಯಾಗ್ಡ್‌ಗೆ ಸೇರಿಸು’ ಎಂದೇ ಹೇಳಿ. 3ಡಿ ವೇರ್‌ಹೌಸ್‌ನಿಂದ ಇಳಿಸಿದ ಸೋಫಾವನ್ನು ನೇರವಾಗಿ ಮನೆಯೊಳಗೆ ಬಿಡಬೇಡಿ. ಅದನ್ನು ಮಾಡಿದವರು ಇಟ್ಟಿದ್ದ ಟ್ಯಾಗ್‌ಗಳು, ಮೆಟೀರಿಯಲ್‌ಗಳು ಎಲ್ಲ ನೆಂಟರ ಸಮೇತ ಬಂದು ನಿಮ್ಮ ಪಟ್ಟಿಯಲ್ಲಿ ತಂಗುತ್ತವೆ. ಖಾಲಿ ಫೈಲಿನಲ್ಲಿ ತೆರೆದು, ಟ್ಯಾಗ್ ಅಳಿಸಿ, ‘ಮಾಡೆಲ್ ಇನ್ಫೋ’ದ ‘ಸ್ಟ್ಯಾಟಿಸ್ಟಿಕ್ಸ್’ಗೆ ಹೋಗಿ ‘ಪರ್ಜ್ ಅನ್‌ಯೂಸ್ಡ್’ ಒತ್ತಿ, ಆಮೇಲೆ ಒಳಗೆ ಕರೆಯಿರಿ.

ಹೆಸರಿಡುವಾಗ ಮುಂದೆ ಸಂಖ್ಯೆ ಹಾಕಿ: ‘01_ಸೈಟು’, ‘02_ನೆಲಮಹಡಿ’, ‘03_ಮೇಲ್ಮಹಡಿ’. ಪಟ್ಟಿ ತಾನಾಗಿ ಕೆಳಗಿನಿಂದ ಮೇಲಕ್ಕೆ ಕಟ್ಟಡದ ಕ್ರಮದಲ್ಲೇ ನಿಲ್ಲುತ್ತದೆ. ಲೇಯರ್‌ಗೂ ಫೈಲಿಗೂ ಒಂದೇ ಹೆಸರಿರಲಿ. ಹೆಸರು ಕನ್ನಡದ್ದಾದರೂ ಅಕ್ಷರ ಇಂಗ್ಲಿಷಿನದಿರಲಿ, ಜಾಗ ಬಿಡುವ ಬದಲು ಅಡಿಗೆರೆ ಹಾಕಿ. ನಮ್ಮ ಲಿಪಿಯನ್ನು ಕೆಲವು ಎಕ್ಸ್‌ಪೋರ್ಟರ್‌ಗಳು ಚೌಕಗಳಾಗಿ ಮಾಡಿಬಿಡುತ್ತವೆ, ಮತ್ತೆ ಯಾವ ಚೌಕ ಯಾವ ಮಹಡಿ ಎಂದು ಗೊತ್ತಾಗದು.

ಮೂಲಬಿಂದು: ಗೋಡೆ ನಡುಗುವ ರೋಗ

ಸರ್ವೆಯವರು ಕೊಟ್ಟ ನಕ್ಷೆಯ ಮೇಲೆ ನೇರವಾಗಿ ಮನೆ ಕಟ್ಟಿದರೆ ಒಂದು ವಿಚಿತ್ರ ಕಾಯಿಲೆ ಬರುತ್ತದೆ. ಕ್ಯಾಮೆರಾ ತಿರುಗಿಸಿದಾಗ ಗೋಡೆಯ ಅಂಚು ನಡುಗುತ್ತದೆ, ಕಿಟಕಿ ಕಂಬಿ ಕುಣಿಯುತ್ತದೆ. ಹೊಸಬರು ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ.

ಕಾರಣ ಲೆಕ್ಕದ್ದು. ಸರ್ವೆ ನಕ್ಷೆಯಲ್ಲಿ ಸೈಟು ಭೂಪಟದ ನಿಜವಾದ ಜಾಗದಲ್ಲಿ ಕೂತಿರುತ್ತದೆ. ಬೆಂಗಳೂರಿನ ನಡುವಿನ ಒಂದು ಸೈಟು ಯುಟಿಎಂ ಲೆಕ್ಕದಲ್ಲಿ ಪೂರ್ವಕ್ಕೆ ಸುಮಾರು 7,80,000 ಮೀಟರ್, ಉತ್ತರಕ್ಕೆ ಸುಮಾರು 14,35,000 ಮೀಟರ್ ಎಂದು ಬರುತ್ತದೆ. ಗ್ರಾಫಿಕ್ಸ್ ಕಾರ್ಡ್ ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಹಿಡಿಯುತ್ತದೆ. ಅದರಲ್ಲಿ ನಂಬಬಹುದಾದ ಅಂಕಿಗಳು ಏಳರಷ್ಟು ಮಾತ್ರ. ಹದಿನಾಲ್ಕು ಲಕ್ಷ ಮೀಟರ್ ಆಚೆ ಅದು ಗುರುತಿಸಬಲ್ಲ ಅತಿ ಚಿಕ್ಕ ಹೆಜ್ಜೆ 12.5 ಸೆಂಟಿಮೀಟರ್. ಅಂದರೆ ನಾಲ್ಕೂವರೆ ಇಂಚಿನ ಗೋಡೆಯೇ ಅದರ ಒಂದು ಹೆಜ್ಜೆಯೊಳಗೆ ಮುಳುಗಿಹೋಗುತ್ತದೆ. ಗೋಡೆಯ ಅಂಚು ಈ ಹೆಜ್ಜೆಗೋ ಆ ಹೆಜ್ಜೆಗೋ ಎಂದು ತೊನೆದಾಡುವುದೇ ನಮಗೆ ನಡುಕವಾಗಿ ಕಾಣುವುದು. ಅದೇ ಮನೆ ಮೂಲಬಿಂದುವಿನ ಪಕ್ಕದಲ್ಲಿದ್ದರೆ ಹೆಜ್ಜೆ ಮಿಲಿಮೀಟರ್‌ನ ಸಾವಿರದ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ.

ಮದ್ದು ಸುಲಭ. ಸೈಟಿನ ಒಂದು ಮೂಲೆಯನ್ನು, ನಾನು ನೈರುತ್ಯ ಮೂಲೆಯನ್ನು ಹಿಡಿಯುತ್ತೇನೆ, ಸೊನ್ನೆ–ಸೊನ್ನೆ–ಸೊನ್ನೆಗೆ ತನ್ನಿ. ಇದನ್ನು ಆಟೋಕ್ಯಾಡ್‌ನಲ್ಲೇ ಮಾಡಿಬಿಡುವುದು ಒಳ್ಳೆಯದು. ರಸ್ತೆಯ ಮಟ್ಟವೇ ಎತ್ತರದ ಸೊನ್ನೆಯಾಗಲಿ.

ಈ ಮೂಲೆಗೆ ಇನ್ನೊಂದು ಕೆಲಸವೂ ಇದೆ. ಎಂಟು ಫೈಲುಗಳು ಬೇರೆಬೇರೆಯಾಗಿ ಬಂದು ಮತ್ತೆ ಒಂದೇ ಮನೆಯಾಗಬೇಕಲ್ಲ! ಎಲ್ಲಕ್ಕೂ ಒಂದೇ ಮೂಲಬಿಂದು ಇದ್ದರೆ ಮಾತ್ರ ಅದು ಸಾಧ್ಯ. ನಾನು ಪ್ರತಿ ಫೈಲಿನಲ್ಲೂ ಸೊನ್ನೆಯ ಮೂಲೆಗೆ ಹತ್ತು ಸೆಂಟಿಮೀಟರ್‌ನ ಪುಟ್ಟ ಘನವೊಂದನ್ನು ಇಟ್ಟು, ಅದಕ್ಕೆ ‘ಗುರುತು’ ಎಂಬ ಕೆಂಪು ಮೆಟೀರಿಯಲ್ ಬಳಿಯುತ್ತೇನೆ. ಮೇಸ್ತ್ರಿ ಸೈಟಿನಲ್ಲಿ ಗೂಟ ಹೊಡೆದ ಹಾಗೆ. ಇಂಪೋರ್ಟ್ ಆದ ಮೇಲೆ ಎಂಟು ಘನಗಳೂ ಒಂದರೊಳಗೊಂದು ಕೂತು ಒಂದೇ ಘನ ಕಂಡರೆ ಎಲ್ಲವೂ ಜಾಗದಲ್ಲಿವೆ. ಎರಡು ಕಂಡರೆ ಯಾವುದೋ ಒಂದು ಜರುಗಿದೆ. ಆಮೇಲೆ ಆ ಘನವನ್ನು ಕಾಣದಂತೆ ಮಾಡಿದರಾಯಿತು.

ಫೈಲು ಒಡೆಯುವ ರೀತಿ

ಸ್ಕೆಚಪ್‌ನಲ್ಲಿ ಮನೆಯ ಮೂಲ ಫೈಲು ಒಂದೇ ಇರಲಿ. ಅದರಿಂದ ‘03_ಮೇಲ್ಮಹಡಿ’ ಎಂಬ ಟ್ಯಾಗ್‌ನದ್ದನ್ನೆಲ್ಲ ಆಯ್ದು ಕಾಪಿ ಮಾಡಿ, ಹೊಸ ಫೈಲು ತೆರೆದು, ಸಾಮಾನ್ಯ ಪೇಸ್ಟ್ ಅಲ್ಲ, ‘ಪೇಸ್ಟ್ ಇನ್ ಪ್ಲೇಸ್’ ಒತ್ತಿ. ಹೊಸ ಫೈಲಿನಲ್ಲೂ ಅದು ಮೊದಲಿದ್ದ ಎತ್ತರದಲ್ಲಿ, ಮೊದಲಿದ್ದ ಜಾಗದಲ್ಲೇ ಕೂರುತ್ತದೆ.

ಕಾಂಪೊನೆಂಟಿನ ಮೇಲೆ ಬಲಗುಂಡಿ ಒತ್ತಿ ‘ಸೇವ್ ಆ್ಯಸ್’ ಕೊಟ್ಟರೂ ಬೇರೆ ಫೈಲಾಗುತ್ತದೆ. ಆದರೆ ಆ ಫೈಲಿನ ಸೊನ್ನೆ ಎಂದರೆ ಕಾಂಪೊನೆಂಟಿನದೇ ಅಕ್ಷ, ಮನೆಯದ್ದಲ್ಲ. ಮೊದಲ ಮಹಡಿ ಬಂದು ನೆಲದ ಮೇಲೆ ಕೂತುಬಿಡುತ್ತದೆ. ಕಾಂಪೊನೆಂಟ್ ಮಾಡುವಾಗಲೇ ಅದರ ಅಕ್ಷವನ್ನು ಮನೆಯ ಸೊನ್ನೆಗೆ ಇಟ್ಟಿದ್ದರೆ ಈ ದಾರಿಯೂ ಸರಿಯೇ.

ಒಡೆದ ಮೇಲೆ ಮೆಟೀರಿಯಲ್ ಕಡೆ ಒಮ್ಮೆ ಕಣ್ಣಾಡಿಸಿ. ರೆಂಡರಿಂಗ್ ತಂತ್ರಾಂಶದಲ್ಲಿ ಒಂದು ಗೋಡೆಗೆ ಬಣ್ಣ ಹಚ್ಚಿದರೆ ಅದೇ ಮೆಟೀರಿಯಲ್ ಇರುವ ಆ ಮಾಡೆಲ್‌ನ ಪ್ರತಿಯೊಂದೂ ಬದಲಾಗುತ್ತದೆ. ಗೋಡೆ, ಸೀಲಿಂಗು, ಅಡುಗೆಕಟ್ಟೆ ಮೂರಕ್ಕೂ ಸ್ಕೆಚಪ್‌ನಲ್ಲಿ ಒಂದೇ ಬಿಳಿ ಬಳಿದಿದ್ದರೆ ಗ್ರಾನೈಟ್ ಹಾಕಲು ಹೋದಾಗ ಸೀಲಿಂಗೂ ಗ್ರಾನೈಟ್ ಆಗುತ್ತದೆ. ಬಣ್ಣ ಚೆನ್ನಾಗಿರಬೇಕೆಂದೇನೂ ಇಲ್ಲ, ಬೇರೆಬೇರೆ ಇದ್ದರೆ ಸಾಕು. ನನ್ನ ಸ್ಕೆಚಪ್ ಮನೆಗಳು ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಗುಲಾಬಿ, ಹಳದಿ, ಹಸಿರಾಗಿರುತ್ತವೆ. ನೋಡಿದವರು ನಗಲಿ ಬಿಡಿ. ಹೆಸರು ಮಾತ್ರ ‘ಹೊರಗೋಡೆ’, ‘ಕಟ್ಟೆ_ಗ್ರಾನೈಟ್’ ಎಂದು ಸ್ಪಷ್ಟವಾಗಿರಲಿ.

ಇದೇ ಹೊತ್ತಿಗೆ ಮೇಲ್ಮೈಗಳ ಬೆನ್ನು–ಹೊಟ್ಟೆಯನ್ನೂ ನೋಡಿಕೊಳ್ಳಿ. ‘ಮೊನೋಕ್ರೋಮ್’ ಶೈಲಿಗೆ ಬದಲಿಸಿದರೆ ಮುಂಬದಿ ಬಿಳಿ, ಹಿಂಬದಿ ನೀಲಿ ಬೂದಿ ಬಣ್ಣ. ಹೊರಗೆ ಕಾಣುವ ನೀಲಿಯನ್ನೆಲ್ಲ ‘ರಿವರ್ಸ್ ಫೇಸಸ್’ ಮಾಡಿ ತಿರುಗಿಸಿ. ಒಂದೇ ಮಟ್ಟದಲ್ಲಿ ಎರಡು ಮೇಲ್ಮೈ ಬಿದ್ದಿದ್ದರೆ ರೆಂಡರಿನಲ್ಲಿ ಮಿಣಮಿಣ ಮಿನುಗುತ್ತವೆ. ಜಮಖಾನೆಯನ್ನು ನೆಲದಿಂದ ಐದು ಮಿಲಿಮೀಟರ್ ಎತ್ತಿಬಿಡಿ.

ಹೆಂಚಿನ ಭಾರ

ಮಾಡಿನ ವಿಷಯಕ್ಕೆ ಪ್ರತ್ಯೇಕ ಫೈಲು ಯಾಕೆ ಎಂದು ಕೇಳಬಹುದು. ಮಂಗಳೂರು ಹೆಂಚು ಒಂದು ಚದರ ಮೀಟರ್‌ಗೆ ಹದಿನೈದರ ಆಸುಪಾಸು ಬೇಕು. ನಮ್ಮ ಪೋರ್ಟಿಕೋ ಮಾಡು ಇಪ್ಪತ್ತು ಚದರ ಮೀಟರ್ ಅಂದರೂ ಮುನ್ನೂರು ಹೆಂಚು. ಯಾರೋ ಅಕ್ಕರೆಯಿಂದ ಅಂಚು, ಗಾಡಿ, ಹಿಂಬದಿಯ ಮುದ್ರೆಯ ಅಕ್ಷರ ಸಮೇತ ಕೆತ್ತಿದ ಹೆಂಚಿನಲ್ಲಿ ಒಂದೊಂದಕ್ಕೆ ಎರಡು ಸಾವಿರ ಮೇಲ್ಮೈಗಳಿದ್ದರೆ ಆರು ಲಕ್ಷವಾಯಿತು. ಉಳಿದ ಇಡೀ ಮನೆ ಅಷ್ಟಾಗುವುದಿಲ್ಲ. ಮಲೆನಾಡಿನ ತೊಟ್ಟಿಮನೆಯ ಮಾದರಿ ಮಾಡುವವರು ಮೂರು ಸಾವಿರ ಹೆಂಚಿನ ಲೆಕ್ಕ ಹಾಕಿ ನೋಡಿ, ಅರವತ್ತು ಲಕ್ಷ!

ಹಾಗಾಗಿ ಹೆಂಚಿನ ಹಿಂಬದಿ, ಮುದ್ರೆ ಕಿತ್ತುಹಾಕಿ ನಲವತ್ತು–ಐವತ್ತು ಮೇಲ್ಮೈಗೆ ಇಳಿಸಿ, ಕಾಂಪೊನೆಂಟ್ ಮಾಡಿ ನಕಲು ಹಾಕಿ. ದೂರದ ಮಾಡಿಗೆ ಬರೀ ಚಿತ್ರದ ಹೊದಿಕೆ ಸಾಕು. ಮತ್ತು ಅದನ್ನು ಪ್ರತ್ಯೇಕ ಲೇಯರ್‌ನಲ್ಲಿಡಿ. ಕೆಲಸ ಮಾಡುವ ಹೊತ್ತಿನಲ್ಲಿ ಅಡಗಿಸಿಟ್ಟು ಕೊನೆಯ ರೆಂಡರಿಗೆ ಮಾತ್ರ ತೋರಿಸಿದರೆ ಕಂಪ್ಯೂಟರ್ ಏದುಸಿರು ಬಿಡುವುದು ತಪ್ಪುತ್ತದೆ. ಜಾಲಿ ಗೋಡೆಗೂ ಇದೇ ಮಾತು.

ಈಗ ಇಂಪೋರ್ಟ್

ಲೂಮಿಯನ್‌ನಲ್ಲಿ ಮೊದಲು ಲೇಯರ್‌ಗಳನ್ನು ಸೃಷ್ಟಿಸಿ ಹೆಸರಿಡಿ. ‘02_ನೆಲಮಹಡಿ’ ಲೇಯರ್ ಆಯ್ದು, ಅದು ಚಾಲ್ತಿಯಲ್ಲಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಅದೇ ಹೆಸರಿನ ಫೈಲು ತನ್ನಿ. ಹೀಗೆ ಒಂದೊಂದೇ. ನೀವು ಕ್ಲಿಕ್ ಮಾಡಿದಲ್ಲಿ ಮಾಡೆಲ್ ಕೂರುವುದರಿಂದ ಪ್ರತಿಯೊಂದಕ್ಕೂ ಒಂದೇ ಅಂಕಿಗಳನ್ನು ಟೈಪ್ ಮಾಡಿ ಒಂದೇ ಜಾಗಕ್ಕೆ ತನ್ನಿ. ಕೆಂಪು ಘನ ಒಂದೇ ಕಾಣುತ್ತಿದೆಯೇ ನೋಡಿ. ಗಿಡ ನೆಡುವ ಮುಂಚೆ ಚಾಲ್ತಿ ಲೇಯರ್ ಬದಲಿಸಲು ಮರೆತರೆ ನಲವತ್ತು ತೆಂಗಿನಮರ ‘ಮೇಲಿನ ಪೀಠೋಪಕರಣ’ದಲ್ಲಿ ಸೇರಿಕೊಳ್ಳುತ್ತವೆ. ಆಯ್ದು ಬೇರೆ ಲೇಯರ್‌ಗೆ ದಾಟಿಸಬಹುದು, ಗಾಬರಿಯೇನಿಲ್ಲ, ಹೊತ್ತು ಹಾಳು ಅಷ್ಟೇ. ವಿಡಿಯೊ ಮಾಡುವಾಗ ಲೇಯರ್ ತೋರಿಸುವ–ಅಡಗಿಸುವ ಎಫೆಕ್ಟ್ ಬಳಸಿ ಒಂದೊಂದು ತುಣುಕಿಗೆ ಒಂದೊಂದು ಲೇಯರ್ ಹೊತ್ತಿಸಿದರೆ, ಪಾಯದಿಂದ ತಾರಸಿಯವರೆಗೆ ಮನೆ ಏಳುವ ದೃಶ್ಯವೂ ಇದರಲ್ಲೇ ಸಿಗುತ್ತದೆ.

ಟ್ವಿನ್‌ಮೋಷನ್ ಇಂಪೋರ್ಟ್ ಮಾಡುವಾಗಲೇ ಒಂದು ಪ್ರಶ್ನೆ ಕೇಳುತ್ತದೆ. ‘ಕೀಪ್ ಹೈರಾರ್ಕಿ’ ಎಂದರೆ ನಿಮ್ಮ ಗ್ರೂಪುಗಳ ವಂಶವೃಕ್ಷ ಹಾಗೆಯೇ ಬರುತ್ತದೆ. ಎಲ್ಲವೂ ಬೇರೆಬೇರೆ ಸಿಗುತ್ತದೆ, ನಿಜ, ಆದರೆ ಸೀನ್ ಪಟ್ಟಿ ಮೈಲುದ್ದವಾಗುತ್ತದೆ, ಕೆಲಸ ನಿಧಾನವಾಗುತ್ತದೆ. ‘ಕೊಲ್ಯಾಪ್ಸ್ ಬೈ ಮೆಟೀರಿಯಲ್’ ಎಂದರೆ ಒಂದೇ ಮೆಟೀರಿಯಲ್‌ನದ್ದೆಲ್ಲ ಒಂದು ಮುದ್ದೆ. ಹಗುರವಾಗಿ ಓಡುತ್ತದೆ, ಆದರೆ ಕೆಳಗಿನ ಗೋಡೆ, ಮೇಲಿನ ಗೋಡೆ ಎರಡೂ ಒಂದೇ ಮುದ್ದೆಯಾಗಿ ಮಹಡಿ ಅಡಗಿಸುವ ಆಸೆ ಬಿಡಬೇಕಾಗುತ್ತದೆ. ಬಹಳ ದಿನ ನಾನು ಈ ಎರಡರ ನಡುವೆ ಒದ್ದಾಡಿದೆ. ಫೈಲು ಒಡೆಯುವ ಅಭ್ಯಾಸ ಬಂದ ಮೇಲೆ ಜಗಳವೇ ಮುಗಿಯಿತು. ಮಹಡಿಗಳು ಹೇಗೂ ಬೇರೆ ಫೈಲುಗಳು, ಆದ್ದರಿಂದ ಒಂದೊಂದನ್ನೂ ನಿಶ್ಚಿಂತೆಯಿಂದ ಮೆಟೀರಿಯಲ್ ಪ್ರಕಾರ ಮುದ್ದೆ ಮಾಡಬಹುದು. ಬಾಗಿಲು ತೆರೆದು ತೋರಿಸಬೇಕಾದ ಫೈಲಿಗೆ ಮಾತ್ರ ಹೈರಾರ್ಕಿ ಉಳಿಸಿಕೊಳ್ಳಿ.

ಬ್ಲೆಂಡರ್‌ನವರಿಗೆ ಒಂದೇ ಎಚ್ಚರಿಕೆ. 2019ರ 2.80 ಆವೃತ್ತಿಯಿಂದ ಅಲ್ಲಿ ಹಳೆಯ ಇಪ್ಪತ್ತು ಲೇಯರ್‌ಗಳು ಹೋಗಿ ಕಲೆಕ್ಷನ್‌ಗಳು ಬಂದವು. ವಸ್ತುಗಳನ್ನು ಆಯ್ದು ‘ಎಂ’ ಕೀಲಿ ಒತ್ತಿದರೆ ಬೇಕಾದ ಕಲೆಕ್ಷನ್‌ಗೆ ದಾಟುತ್ತವೆ. ಪಟ್ಟಿಯಲ್ಲಿ ಕಣ್ಣಿನ ಗುರುತೂ ಇದೆ, ಕ್ಯಾಮೆರಾದ ಗುರುತೂ ಇದೆ. ಕಣ್ಣು ಮುಚ್ಚಿದರೆ ಪರದೆಯ ಮೇಲೆ ಮಾತ್ರ ಮರೆಯಾಗುತ್ತದೆ, ರೆಂಡರಿನಲ್ಲಿ ಬಂದೇ ಬರುತ್ತದೆ. ರಾತ್ರಿಯಿಡೀ ರೆಂಡರಿಗೆ ಹಾಕಿ ಬೆಳಿಗ್ಗೆ ಎದ್ದು ನೋಡಿದರೆ ಬೇಡದ ಸೋಫಾ ನಡುಮನೆಯಲ್ಲಿ ಕೂತಿರುತ್ತದೆ. ಕಲೆಕ್ಷನ್ ಹೆಸರಿನ ಮುಂದಿನ ಟಿಕ್ ಚೌಕ ತೆಗೆದರೆ ಎರಡೂ ಕಡೆ ಹೋಗುತ್ತದೆ.

ನಕ್ಷೆ ಬದಲಾದ ದಿನ

ಅಡುಗೆಕಟ್ಟೆ ಆಗ್ನೇಯಕ್ಕೆ ತಿರುಗಿತು ಅಂದುಕೊಳ್ಳಿ. ಮೂಲ ಫೈಲಿನಲ್ಲಿ ತಿದ್ದಿ, ಮತ್ತೆ ‘05_ಕೆಳಗಿನ_ಪೀಠೋಪಕರಣ’ ಎಂಬ ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ ಉಳಿಸಿ. ರೆಂಡರಿಂಗ್ ತಂತ್ರಾಂಶದಲ್ಲಿ ಆ ಒಂದು ಮಾಡೆಲನ್ನು ರೀಲೋಡ್ ಮಾಡಿ. ಮೆಟೀರಿಯಲ್ ಹೆಸರುಗಳು ಬದಲಾಗಿರದಿದ್ದರೆ ನೀವು ಹಚ್ಚಿದ ಗ್ರಾನೈಟು, ಲ್ಯಾಮಿನೇಟು ಹಾಗೇ ಇರುತ್ತವೆ. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂದು ಹೆಸರು ಬದಲಿಸುತ್ತಾ ಹೋದರೆ ಕೊಂಡಿ ಕಳಚುತ್ತದೆ. ಹಳೆಯ ಪ್ರತಿಗಳು ಬೇಕೆಂದರೆ ತಾರೀಖು ಹಾಕಿದ ಬೇರೆ ಫೋಲ್ಡರ್‌ಗೆ ನಕಲು ಮಾಡಿಡಿ, ಕೊಂಡಿಯ ಫೈಲಿನ ಹೆಸರು ಮುಟ್ಟಬೇಡಿ.

ಅಕ್ಕಪಕ್ಕದ ಕಟ್ಟಡಗಳ ಲೇಯರ್ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ಅಡಗಿಸಿದರೆ ಕಟ್ಟಡದ ಜೊತೆ ಅದರ ನೆರಳೂ ಹೋಗುತ್ತದೆ. ಮೂವತ್ತು–ನಲವತ್ತರ ಸೈಟಿನಲ್ಲಿ ಪಕ್ಕದ ಮೂರಂತಸ್ತಿನ ನೆರಳೇ ನಮ್ಮ ಹಾಲಿನ ಬೆಳಕನ್ನು ತೀರ್ಮಾನಿಸುವುದು. ಎಲ್ಲ ತೆಗೆದು, ಮನೆ ಹುಲ್ಲುಗಾವಲಿನ ನಡುವೆ ನಿಂತಂತೆ ತೋರಿಸಿದರೆ ಚಿತ್ರ ಚಂದ, ಗೃಹಪ್ರವೇಶದ ದಿನ ಬೈಗುಳವೂ ಅಷ್ಟೇ ಚಂದ. ಒಳಾಂಗಣದ ಚಿತ್ರ ತೆಗೆಯುವಾಗಲಾದರೂ ಆ ಲೇಯರ್ ತೆರೆದಿಡಿ. ಹಾಗೆಯೇ ಮೇಲ್ಮಹಡಿ ಅಡಗಿಸಿ ತೆಗೆದ ಕೋಣೆಯ ಚಿತ್ರದಲ್ಲಿ ಬೀಳುವ ಬಿಸಿಲನ್ನು ನಿಜವೆಂದು ಗಿರಾಕಿಗೆ ತೋರಿಸಬೇಡಿ, ಅದು ಮೇಲಿನಿಂದ ಸುರಿದ ಬಿಸಿಲು.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ಎಲ್ಲ ಲೇಯರ್‌ಗಳ ಕಣ್ಣು ಮುಚ್ಚಿ. ಪರದೆ ಖಾಲಿಯಾಗಬೇಕು. ಏನಾದರೂ ಉಳಿದಿದ್ದರೆ ಅದು ದಿಕ್ಕಿಲ್ಲದ ವಸ್ತು, ಮನೆ ಹುಡುಕಿ ಸೇರಿಸಿ. ಆಮೇಲೆ ಒಂದೊಂದಾಗಿ ಕಣ್ಣು ತೆರೆಯುತ್ತಾ ಬನ್ನಿ: ಸೈಟು, ನೆಲಮಹಡಿ, ಮೇಲ್ಮಹಡಿ. ಒಮ್ಮೆ ನೆಲದ ಕೆಳಗಿಂದಲೂ ಕ್ಯಾಮೆರಾ ತಿರುಗಿಸಿ. ಹೋದ ತಿಂಗಳು ಹಾಗೆ ತಿರುಗಿಸಿದಾಗ ಸಂಪಿನ ಕೆಳಗೆ ಹನ್ನೆರಡು ಅಡಿ ಆಳದಲ್ಲಿ, ವೇರ್‌ಹೌಸ್‌ನಿಂದ ಇಳಿಸಿ ಮರೆತಿದ್ದ ಊಟದ ಮೇಜು ಆರು ಕುರ್ಚಿಗಳ ಸಮೇತ ಸಿಕ್ಕಿತು. ಮೇಜಿನ ಮೇಲೆ ವೈನ್ ಗ್ಲಾಸುಗಳೂ ಇದ್ದವು, ಒಂದೊಂದಕ್ಕೆ ಒಂಬತ್ತು ಸಾವಿರ ಮೇಲ್ಮೈ.